ಮುಂದಿನ ಕೋಣೆಯ ತಾಲೀಮು

ನಮ್ಮ ಮನೆಗೆ ಹಜಾರ ಇರಲಿಲ್ಲ. ಹಜಾರ ಇರಬೇಕಾದ ಜಾಗದಲ್ಲಿ ಕಬ್ಬಿಣ ಇತ್ತು. ಗುಂಡ್ಲುಪೇಟೆಯ ಹೆದ್ದಾರಿಯಿಂದ ಎರಡು ಗಲ್ಲಿ ಒಳಕ್ಕೆ ಬಂದರೆ, ಟೈಲರ್ ಅಂಗಡಿಗೂ ಹಾಸಿಗೆ ಹೊಲಿಯುವವರ ಮನೆಗೂ ನಡುವೆ ಒತ್ತರಿಸಿಕೊಂಡು ನಿಂತಿದ್ದ ಮನೆ ಅದು. ಒಂದರ ಹಿಂದೆ ಒಂದು ಮೂರು ಕೋಣೆ, ಕೊನೆಗೆ ಬಟ್ಟೆ ಒಗೆಯುವ ಕಲ್ಲಿದ್ದ ಹಿತ್ತಲು. ಹಿಂದಿನ ಕೋಣೆ ಅಡುಗೆಗೆ. ನಡುವಿನದು ಉಣ್ಣಲು, ಮಲಗಲು, ನಮಾಜಿಗೆ, ಜಗಳಕ್ಕೆ, ನನ್ನ ಹೋಂವರ್ಕಿಗೆ. ಮುಂದಿನದು, ಮೂರರಲ್ಲೂ ದೊಡ್ಡದು, ಗಾಳಿ ಬೆಳಕು ಎರಡೂ ಇದ್ದದ್ದು, ಅಬ್ಬಾನ ತಾಲೀಮು. ಊರಿನ ಹಿರಿಯರು ಅದನ್ನು ಗರಡಿ ಎನ್ನುತ್ತಿದ್ದರು, ಕಾಲೇಜಿಗೆ ಹೋಗುವವರು ಜಿಮ್ ಎನ್ನುತ್ತಿದ್ದರು. ಅಬ್ಬಾನ ತಾಯಿ ದಾದಿಮಾ ಮಾತ್ರ ಗುಜರಿ ಎನ್ನುತ್ತಿದ್ದಳು. ಹಬ್ಬಕ್ಕೆ ಬಂದ ನೆಂಟರನ್ನು ಬೇರೆಲ್ಲೂ ಜಾಗವಿಲ್ಲದೆ ತೂಕ ಎತ್ತುವ ಬೆಂಚಿನ ಮೇಲೆ ಕೂರಿಸಿ ಶರಬತ್ತು ಕೊಟ್ಟ ಮನೆ ನಮ್ಮದು. ಅದನ್ನು ನೆನೆದು ಈಗಲೂ ಮುಖ ಸಣ್ಣದು ಮಾಡಿಕೊಳ್ಳುವ ನೆಂಟರಿದ್ದಾರೆ. ನನಗೆ ಆ ಬೆಂಚಿನ ಬಗ್ಗೆ ಯಾವತ್ತೂ ನಾಚಿಕೆಯಾಗಿಲ್ಲ, ಇನ್ನು ಆಗುವ ವಯಸ್ಸೂ ಅಲ್ಲ.

ಅಬ್ಬಾ ವೆಲ್ಡಿಂಗ್ ಕೆಲಸದವರು. ಗೇಟು, ಕಿಟಕಿಯ ಗ್ರಿಲ್ಲು, ಲಾರಿಯ ಬಾಡಿ. ಈರುಳ್ಳಿ, ತರಕಾರಿ ತುಂಬಿಕೊಂಡು ಕೇರಳದ ಕಡೆ ಹೋಗುವ ಲಾರಿಗಳು ಊರಲ್ಲಿ ಕೆಟ್ಟು ನಿಂತರೆ, ಬಿಚ್ಚಿ ಎಸೆದ ಭಾಗವೆಲ್ಲ ಒಂದಲ್ಲ ಒಂದು ದಿನ ನಮ್ಮ ಮುಂದಿನ ಕೋಣೆಗೆ ಬರುತ್ತಿತ್ತು. ತಾಲೀಮಿನ ಬಾರುಗಳು ಲಾರಿಯ ಆಕ್ಸಲ್ಲುಗಳು. ತೂಕಕ್ಕೆ ಬ್ರೇಕ್ ಡ್ರಮ್ಮು, ಹಳೆಯ ಗಾಣದ ಚಕ್ರ, ಎಣ್ಣೆ ಡಬ್ಬಕ್ಕೆ ಕಾಂಕ್ರೀಟು ಸುರಿದು ಮಾಡಿದ ಗುಂಡುಗಳು. ಯಾವುದರ ಮೇಲೂ ಇಷ್ಟು ಕೆಜಿ ಎಂಬ ಅಂಕಿ ಇರಲಿಲ್ಲ, ಹೆಸರಿತ್ತು. ಜೋಡಿ ಡ್ರಮ್ಮುಗಳಿಗೆ ದೊಡ್ಡೆತ್ತು, ಚಿಕ್ಕೆತ್ತು. ಎಷ್ಟು ವರ್ಷ ಎತ್ತಿದರೂ ಕೈಗೆ ಒಗ್ಗದ, ಒಂದು ಕಡೆಗೇ ವಾಲುವ ಗಾಣದ ಚಕ್ರಕ್ಕೆ ಅತ್ತೆ. ಬೆಳಿಗ್ಗೆ ಐದಕ್ಕೆ ಬಾಗಿಲು ತೆಗೆದರೆ ಹನ್ನೆರಡು, ಹದಿನೈದು ಜನ ಬರುತ್ತಿದ್ದರು. ಅವರಲ್ಲಿ ಇಬ್ಬರನ್ನು ಈಗಲೇ ಹೇಳಿಬಿಡುತ್ತೇನೆ. ಒಬ್ಬ ಸಿದ್ದರಾಜು, ತೆರಕಣಾಂಬಿಯವನು, ತರಕಾರಿ ಮಾರ್ಕೆಟ್ಟಿನಲ್ಲಿ ಮೂಟೆ ಹೊರುವವನು. ದಿನವಿಡೀ ಭಾರ ಹೊರುವ ಮನುಷ್ಯ ಅದಕ್ಕೂ ಮೊದಲು ಇಲ್ಲಿ ಬಂದು ಭಾರ ಎತ್ತುವುದು ಯಾಕೆ ಎಂದು ಕೇಳಿದರೆ, ಅಲ್ಲಿ ಎತ್ತುವುದು ಯಾರದೋ, ಇಲ್ಲಿ ಎತ್ತುವುದು ನನ್ನದು ಎನ್ನುತ್ತಿದ್ದ. ಇನ್ನೊಬ್ಬರು ಪುಟ್ಟಸ್ವಾಮಿ ಮೇಷ್ಟ್ರು. ಪ್ರೈಮರಿ ಶಾಲೆಯವರು, ಉಬ್ಬಸದ ಎದೆ, ಕಡ್ಡಿಯಂಥ ತೋಳು. ಬರಿ ಆಕ್ಸಲ್ಲನ್ನು ಎದೆಯಿಂದ ಮೇಲಕ್ಕೆತ್ತಲು ಅವರಿಗೆ ಒಂದು ವರ್ಷ ಹಿಡಿಯಿತು. ಎತ್ತಿದ ದಿನ ಅಷ್ಟೂ ಜನ ಕೂಗಿದ ಕೂಗಿಗೆ ಪಕ್ಕದ ಮನೆಯವರು ಹಾಸಿಗೆ ಹೊಲಿಯುವುದು ಬಿಟ್ಟು ಓಡಿ ಬಂದಿದ್ದರು. ತಾಲೀಮಿನಲ್ಲಿ ಒಂದೇ ಕಟ್ಟುನಿಟ್ಟು. ಬಾರಿನ ಕೆಳಗೆ ಯಾರನ್ನೂ ಒಬ್ಬಂಟಿ ಬಿಡುವಂತಿಲ್ಲ. ನಿನ್ನ ಸರದಿ ಮುಗಿದರೂ ಪಕ್ಕದವನ ಸರದಿ ಮುಗಿಯುವವರೆಗೆ ನೀನು ನಿಂತಿರಬೇಕು.

ಮುಂದಿನ ಕೋಣೆಗೂ ನಡುವಿನ ಕೋಣೆಗೂ ಮಧ್ಯೆ ಒಂದು ದಪ್ಪ ಹಸಿರು ಪರದೆ. ಪರದೆಯಿಂದ ಈಚೆ ಉರ್ದು, ಆಚೆ ಕನ್ನಡ. ಗಂಡಸರು ಇರುವಷ್ಟು ಹೊತ್ತು ನಾನು, ಅಮ್ಮಿ, ದಾದಿಮಾ ಈಚೆಗೇ. ತಾಲೀಮು ಮುಗಿದ ಮೇಲೆ ಅಮ್ಮಿ ಬೆಲ್ಲ ಹಾಕಿ ಬೇಯಿಸಿದ ಕಡಲೆಯ ಬೋಗುಣಿಯನ್ನು ಪರದೆಯ ಸಂದಿನಿಂದ ಆಚೆ ಚಾಚುತ್ತಿದ್ದಳು. ಹದಿನೈದು ವರ್ಷ ಆ ಗಂಡಸರು ಅಮ್ಮಿಯಲ್ಲಿ ನೋಡಿದ್ದು ಮೊಣಕೈವರೆಗಿನ ಒಂದು ಕೈ. ಆದರೆ ಅಮ್ಮಿ ಅವರನ್ನೆಲ್ಲ ಕೇಳಿದ್ದಳು. ರೊಟ್ಟಿ ತಟ್ಟುತ್ತ ತಟ್ಟುತ್ತ ಯಾರ ಉಸಿರು ಯಾವುದು, ಯಾರ ಮೊಣಕಾಲು ಲಟಕ್ಕೆನ್ನುತ್ತದೆ, ಯಾರು ಭಾರವನ್ನು ಮೆಲ್ಲಗೆ ಇಳಿಸುತ್ತಾರೆ, ಯಾರು ದೊಪ್ಪನೆ ಬಿಡುತ್ತಾರೆ, ಎಲ್ಲ ಅವಳಿಗೆ ಗೊತ್ತಿತ್ತು. ಒಂದು ದಿನ ಒಲೆಯ ಮುಂದಿನಿಂದ ತಲೆ ಎತ್ತದೆ, "ಸಿದ್ದರಾಜು ಎಂಟು ಹೊಡೆದು ಹತ್ತು ಅಂದ" ಎಂದಳು. ಅಬ್ಬಾ ನಗುತ್ತ ಹೋಗಿ ವಿಚಾರಿಸಿದರೆ ನಿಜ. ಅವನು ಪರದೆಯ ಕಡೆ ತಿರುಗಿ, ಯಾರೂ ಕಾಣದಿದ್ದರೂ ಕೈಮುಗಿದು, ಇನ್ನೆರಡು ಹೊಡೆದನಂತೆ.

ನಾನು ಏಳನೆಯ ಕ್ಲಾಸಿನಲ್ಲಿದ್ದಾಗ ಅಬ್ಬಾ ಬಿದ್ದರು. ಈರುಳ್ಳಿ ಗೋದಾಮೊಂದಕ್ಕೆ ಶೀಟು ಹೊದಿಸಲು ಮೇಲೆ ಹತ್ತಿದ್ದರು, ಕಾಲಡಿಯ ಪೈಪು ಜಾರಿತು. ಸಿದ್ದರಾಜು ಮತ್ತು ಇನ್ನು ಮೂವರು ಅವರನ್ನು ಒಂದು ಬಾಗಿಲ ಹಲಗೆಯ ಮೇಲೆ ಅಲುಗದಂತೆ ಮಲಗಿಸಿ, ತರಕಾರಿ ಟೆಂಪೋದಲ್ಲಿ ಮೈಸೂರಿಗೆ ಒಯ್ದರು. ಹಲಗೆಯ ನಾಲ್ಕು ಮೂಲೆಯನ್ನು ಮೈಸೂರಿನವರೆಗೂ ನಾಲ್ಕು ಜನ ಕೈಯಲ್ಲಿ ಎತ್ತಿ ಹಿಡಿದೇ ಕೂತಿದ್ದರಂತೆ, ಗುಂಡಿ ಬಂದಾಗ ಬೆನ್ನಿಗೆ ಪೆಟ್ಟಾಗಬಾರದು ಎಂದು. ಎರಡು ತಿಂಗಳು ಆಸ್ಪತ್ರೆ. ಮನೆಗೆ ಬಂದಾಗ ಬಲಗಾಲು ಅವರದಾಗಿ ಉಳಿದಿರಲಿಲ್ಲ. ಕೋಲು ಹಿಡಿದು ನಡೆಯಬಹುದು, ಭಾರ ಎತ್ತುವುದನ್ನು ಮರೆತುಬಿಡಿ ಎಂದಿದ್ದರು ಡಾಕ್ಟರು. ಅಬ್ಬಾ ಎತ್ತುವುದನ್ನು ಮಾತ್ರವಲ್ಲ, ಮಾತನ್ನೂ ಮರೆತರು. ನಡುವಿನ ಕೋಣೆಯ ಮಂಚದಲ್ಲಿ ಗೋಡೆಯ ಕಡೆ ಮುಖ ಮಾಡಿ ಮಲಗಿದರು. ಊಟ ಎಂದರೆ ಏಳುವರು, ಮುಗಿದರೆ ತಿರುಗಿ ಮಲಗುವರು. ತಾಲೀಮಿನ ಬಾಗಿಲು ಮುಚ್ಚಿಯೇ ಇತ್ತು. ಆಕ್ಸಲ್ಲುಗಳ ಮೇಲೆ ಕೆಂಪು ತುಕ್ಕು ಕೂತಿತ್ತು.

ಆಗ ಬಂದವರು ಚಾಚಾ, ಅಬ್ಬಾನ ತಮ್ಮ. ಅವರದು ಹೆದ್ದಾರಿಯಲ್ಲಿ ಸಿಮೆಂಟು, ಪೈಪು ಮಾರುವ ಅಂಗಡಿ, ನಮ್ಮ ಹಿಂದಿನ ಗಲ್ಲಿಯಲ್ಲಿ ಮನೆ. ಕೆಟ್ಟ ಮನುಷ್ಯ ಎಂದು ಹೇಳಲಾರೆ. ಆಸ್ಪತ್ರೆಯಲ್ಲಿ ಅಬ್ಬಾನ ಕಾಲೊತ್ತುತ್ತ ಅತ್ತದ್ದನ್ನು ನಾನೇ ಕಂಡಿದ್ದೇನೆ. ಆದರೆ ಅವರಿಗೆ ಎಲ್ಲದಕ್ಕೂ ಒಂದು ಏರ್ಪಾಡು ಬೇಕು, ಆ ಏರ್ಪಾಡನ್ನು ಅವರೇ ಮಾಡಬೇಕು. ಮಂಚದ ತುದಿಯಲ್ಲಿ ಕೂತು ಚಹಾ ಕುಡಿಯುತ್ತ, ಮುಂದಿನ ಕೋಣೆ ಸುಮ್ಮನೆ ಬಿದ್ದಿದೆ, ನನ್ನ ಮಾಲು ಇಡುತ್ತೇನೆ, ಕಬ್ಬಿಣವನ್ನು ಗುಜರಿಯವನಿಗೆ ಹೇಳಿದ್ದೇನೆ ಎಂದರು. ಮನೆ ದಾದಿಮಾಳ ಹೆಸರಿನಲ್ಲಿತ್ತು. ಅವಳು ಆಗಲೇ ಹೂಂ ಎಂದಿದ್ದಳು.

"ಗಂಡಸಿಲ್ಲದ ತಾಲೀಮಿಗೆ ಗಂಡಸರು ಬಂದು ಹೋಗಿ ಮಾಡಿದರೆ ಜನ ಏನಂತಾರೆ, ಭಾಭಿ? ನೀವೇ ಯೋಚನೆ ಮಾಡಿ."

"ಗಂಡಸಿಲ್ಲ ಅಂತ ಯಾರು ಹೇಳಿದ್ದು?" ಎಂದಳು ಅಮ್ಮಿ. "ಇಲ್ಲೇ ಮಲಗಿದ್ದಾರಲ್ಲ."

"ಮಲಗಿದ್ದಾನೆ ಅಂತಲೇ ಹೇಳ್ತಿರೋದು ನಾನು."

ಅಮ್ಮಿ ಚಹಾದ ಲೋಟ ಎತ್ತಿಕೊಂಡು ಒಳಗೆ ಹೋದಳು. ಜಗಳ ಆದದ್ದು ಆಮೇಲೆ, ಅಡುಗೆಮನೆಯಲ್ಲಿ, ದಾದಿಮಾಳ ಜೊತೆ. ದಾದಿಮಾ ಜನರ ಮಾತಿಗೆ ಹೆದರುವ ಹೆಂಗಸಲ್ಲ. ಅವಳ ಕಾರಣವೇ ಬೇರೆ ಇತ್ತು.

"ನನ್ನ ಮಗ ಆ ಕಬ್ಬಿಣದ ಸದ್ದು ಕೇಳಿ ಕೇಳಿ ಸಾಯ್ತಾನೆ. ಎತ್ತೋಕೆ ಆಗದವನ ಕಿವಿಗೆ ದಿನಾ ಅದನ್ನೇ ಹಾಕ್ತೀಯಾ? ಸಾಗಿಸಿಬಿಡು. ಕಣ್ಣಿಗೆ ಬೀಳದಿದ್ದರೆ ಮರೆತಾನು."

ಅಮ್ಮಿ ಆ ದಿನ ಬಹಳ ಹೊತ್ತು ಹಿತ್ತಲ ಕಲ್ಲಿನ ಮೇಲೆ ಕೂತಿದ್ದಳು. ಮಾರನೆಯ ಬೆಳಿಗ್ಗೆ ನಾನು ಕಣ್ಣು ಬಿಟ್ಟಾಗ ನಡುವಿನ ಕೋಣೆಗೆ ಹಿಂದೆಂದೂ ಇಲ್ಲದ ಬೆಳಕು ಬಂದಿತ್ತು. ಹಸಿರು ಪರದೆ ಮಡಿಚಿ ಟ್ರಂಕಿನ ಮೇಲೆ ಇಟ್ಟಿತ್ತು. ಅಮ್ಮಿ ತಲೆಯ ಮೇಲೆ ಸೆರಗು ಬಿಗಿದು, ಸೀಮೆಎಣ್ಣೆಯ ಬಟ್ಟೆಯಿಂದ ದೊಡ್ಡೆತ್ತಿನ ತುಕ್ಕು ಉಜ್ಜುತ್ತಿದ್ದಳು. ಬೀದಿಯ ಬಾಗಿಲು ಹಾರು ಹೊಡೆದಿತ್ತು.

ಮೊದಲ ದಿನ ಬಂದದ್ದು ಸಿದ್ದರಾಜು ಒಬ್ಬನೇ. ಅವನೂ ಹೊಸ್ತಿಲು ದಾಟಲಿಲ್ಲ. ಹದಿನೈದು ವರ್ಷದಲ್ಲಿ ಮೊದಲ ಸಲ ಅಮ್ಮಿಯ ಮುಖ ನೋಡಿ, ನೋಡಬಾರದ್ದನ್ನು ನೋಡಿದವನಂತೆ ಚಪ್ಪಲಿಯ ಕಡೆ ಕಣ್ಣು ಹಾಕಿ ನಿಂತ.

"ಅಕ್ಕಾ, ನೀವಿಲ್ಲೇ ಇದ್ರೆ ನಾವು ಎಂಗಕ್ಕಾ ಅಂಗಿ ಬಿಚ್ಚದು?"

"ಬಿಚ್ಚಬೇಡ. ಹಾಕ್ಕೊಂಡೇ ಎತ್ತು. ಮಾರ್ಕೆಟ್ಟಲ್ಲಿ ಮೂಟೆ ಎತ್ತುವಾಗ ಬಿಚ್ತೀಯಾ?"

"ಇಲ್ಲ ಕಣಕ್ಕಾ."

"ಮತ್ತೆ? ಒಳಗೆ ಬಾ."

ಅವನು ಬಂದ. ಬಾರಿನ ಕೆಳಗೆ ಮಲಗಿದ. ಅಮ್ಮಿ ಗೋಡೆಯ ಕಡೆ ತಿರುಗಿ ನಿಂತು, ಕಣ್ಣಲ್ಲಿ ನೋಡದೆ ಕಿವಿಯಲ್ಲೇ ಎಣಿಸಿದಳು. ಆರನೆಯದಕ್ಕೆ ಉಸಿರು ಕಟ್ಟುತ್ತಿದೆ, ಕೆಳಗಿಳಿಸುವಾಗ ಎಳೆದುಕೋ, ಮೇಲಕ್ಕೆ ಹೋಗುವಾಗ ಬಿಡು ಎಂದಳು. ಸಿದ್ದರಾಜು ಎದ್ದು ಕೂತು ಬೆವರೊರೆಸಿಕೊಂಡು, ಅವತ್ತು ಮಾರ್ಕೆಟ್ಟಿನಲ್ಲಿ ಸಿಕ್ಕಸಿಕ್ಕವರಿಗೆಲ್ಲ ಹೇಳಿದನಂತೆ: "ಸಾಬ್ರು ಕಣ್ಣಲ್ಲಿ ನೋಡಿ ಯೋಳ್ತಿದ್ರು ಕಣ್ಲಾ. ಅಕ್ಕ ನೋಡ್ದೇನೇ ಯೋಳ್ತಾರ. ಓಗ್ಲಾ, ಓಗಿ ನೋಡು." ವಾರದೊಳಗೆ ಒಂಬತ್ತು ಜನ ಆದರು. ಪುಟ್ಟಸ್ವಾಮಿ ಮೇಷ್ಟ್ರು ಬಂದ ದಿನ ಕಡಲೆಯ ಬೋಗುಣಿಯನ್ನು ಅಮ್ಮಿ ಎಲ್ಲರ ಎದುರಿಗೇ ತಂದು ಬೆಂಚಿನ ಮೇಲಿಟ್ಟಳು. ಅಬ್ಬಾ ಮಾತ್ರ ಆ ಸದ್ದಿಗೆಲ್ಲ ಬೆನ್ನು ಹಾಕಿಯೇ ಇದ್ದರು. ಪರದೆ ಇಲ್ಲದ್ದರಿಂದ ಅವರ ಬೆನ್ನು ಎಲ್ಲರಿಗೂ ಕಾಣುತ್ತಿತ್ತು. ಯಾರೂ ಮಾತಾಡಿಸುವ ಧೈರ್ಯ ಮಾಡಲಿಲ್ಲ. ಅಮ್ಮಿ ದಿನಕ್ಕೆ ಹತ್ತು ಸಲ ಆ ಬೆನ್ನಿನ ಕಡೆ ನೋಡುತ್ತಿದ್ದಳು, ದಾದಿಮಾಳ ಮಾತೇ ನಿಜವಾಗಿಬಿಟ್ಟರೆ ಎಂಬ ಭಯ ಅವಳ ಮುಖದಲ್ಲಿ ಬಂದು ಹೋಗುತ್ತಿದ್ದದ್ದು ನನಗೆ ಕಾಣುತ್ತಿತ್ತು.

ಮಹದೇವಮ್ಮ ಬಂದದ್ದು ಮಧ್ಯಾಹ್ನದ ಬಿಸಿಲಲ್ಲಿ. ಉಮ್ಮತ್ತೂರಿನವಳು, ನಮ್ಮೂರಿನ ಹಾಸ್ಟೆಲೊಂದರಲ್ಲಿ ಅಡುಗೆಯವಳು, ಎತ್ತರದ ಆಳು, ಆದರೆ ಒಂದು ಕೈ ಸೊಂಟದ ಮೇಲಿಟ್ಟು ಓರೆಯಾಗಿ ನಡೆಯುತ್ತಿದ್ದಳು.

"ಇನ್ನೂರು ಮಕ್ಕಳ ಸಾರಿನ ಹಂಡೆ ಇಳ್ಸಿ ಇಳ್ಸಿ ಸೊಂಟ ಬಿದ್ದೋಗದ ಕಣವ್ವ. ಡಾಕ್ಟ್ರು ಭಾರ ಎತ್ಬ್ಯಾಡ ಅಂತಾರ. ಎತ್ತದೆ ಇದ್ರ ಕೆಲ್ಸ ಬುಡ್ಬೇಕು. ಎಂಗೆ ಎತ್ತದು ಅಂತ ಯೋಳ್ಕೊಡಿ, ಸಾಕು."

ಅಮ್ಮಿ ಅವಳನ್ನು ಮೇಲಿಂದ ಕೆಳಗೆ ನೋಡಿ, ಬೀದಿ ಬಾಗಿಲು ಓರೆ ಮಾಡಿ, ಮೂಲೆಯಲ್ಲಿದ್ದ ಬಿದಿರು ಕೋಲು ಕೊಟ್ಟಳು. ಮಂಡಿ ಮಡಿಚುವುದು ಹೇಗೆ, ಬೆನ್ನು ನೆಟ್ಟಗೆ ಇಡುವುದು ಹೇಗೆ ಎಂದು ಅಬ್ಬಾ ಪರದೆಯಾಚೆ ಸಾವಿರ ಸಲ ಹೇಳಿದ್ದನ್ನೇ ಅದೇ ಪದಗಳಲ್ಲಿ ಹೇಳಿದಳು. ಹಾಗೆ ಹೆಂಗಸರ ಹೊತ್ತು ಶುರುವಾಯಿತು, ಎರಡರಿಂದ ಮೂರೂವರೆ. ಪಕ್ಕದ ಹಾಸಿಗೆ ಹೊಲಿಯುವ ಮನೆಯ ಇಬ್ಬರು ಸೊಸೆಯಂದಿರು ಬಂದರು, ಟೈಲರನ ಹೆಂಡತಿ ಬಂದಳು. ಶಾಲೆ ಮುಗಿಸಿ ಓಡಿ ಬಂದು ಕೊನೆಯ ಹತ್ತು ನಿಮಿಷಕ್ಕೆ ನಾನೂ ಸೇರಿಕೊಂಡೆ. ಮಹದೇವಮ್ಮ ನನ್ನನ್ನು ಕರೆಯುವುದು "ಬಾಮ್ಮೀ" ಎಂದು. ಅವರ ಕಡೆ ಹುಡುಗಿಯರಿಗೆಲ್ಲ ಅಮ್ಮಿ ಎನ್ನುತ್ತಾರೆ. ಅವಳು "ಬೆನ್ನು ನೆಟ್ಟಗ್ ಮಾಡಮ್ಮೀ" ಎಂದರೆ ನಾನೂ ನನ್ನ ತಾಯಿಯೂ ಇಬ್ಬರೂ ಬೆನ್ನು ನೆಟ್ಟಗೆ ಮಾಡುತ್ತಿದ್ದೆವು. ಮೂರು ತಿಂಗಳಿಗೆ ಮಹದೇವಮ್ಮನ ಕೈ ಸೊಂಟದಿಂದ ಕೆಳಗಿಳಿಯಿತು. ಆರು ತಿಂಗಳಿಗೆ ಅವಳು ಚಿಕ್ಕೆತ್ತನ್ನು ನೆಲದಿಂದ ಎತ್ತಿ ನಿಂತಳು. ನನ್ನ ಅಂಗೈಯಲ್ಲಿ ಗಟ್ಟಿ ಗಂಟುಗಳು ಎದ್ದವು. ದಾದಿಮಾ ನನ್ನ ಕೈ ಹಿಡಿದು ತಿರುಗಿಸಿ ನೋಡಿ, ಈ ಕೈ ನೋಡಿ ಯಾವನು ಮದುವೆಯಾಗುತ್ತಾನೆ ಎಂದಳು. ಅಮ್ಮಿ ಸೊಪ್ಪು ಸೋಸುತ್ತಲೇ ಅಂದಳು:

"ಆ ಕೈ ಬೇಡದವನು ಬರೋದೇ ಬೇಡ."

ಮಾತು ಗಲ್ಲಿ ದಾಟಿತು. ಮಸೀದಿಯ ಕಡೆಯಿಂದ ಒಬ್ಬ ಹಿರಿಯರು, ಪೇಟೆಯ ಕಡೆಯಿಂದ ಒಬ್ಬ ಹಿರಿಯರು ಬೇರೆ ಬೇರೆ ದಿನ ಬಂದು ಒಂದೇ ಬುದ್ಧಿಮಾತು ಹೇಳಿ ಹೋದರು. ಬೇರೆ ಯಾವ ವಿಷಯದಲ್ಲೂ ಅವರಿಬ್ಬರೂ ಒಪ್ಪಿದ್ದನ್ನು ನಾನು ಕಾಣೆ. ಅಮ್ಮಿ ಇಬ್ಬರಿಗೂ ಶರಬತ್ತು ಕೊಟ್ಟು, ಇಬ್ಬರನ್ನೂ ಅದೇ ಬೆಂಚಿನ ಮೇಲೆ ಕೂರಿಸಿ, ಕೇಳಿಸಿಕೊಂಡು, ಎರಡು ಗಂಟೆಗೆ ಸರಿಯಾಗಿ ಬಾಗಿಲು ತೆಗೆದಳು.

ಚಾಚಾ ಮಾತಾಡುವುದು ಬಿಟ್ಟರು. ಒಂದು ಗುರುವಾರ ಅಬ್ಬಾನನ್ನು ತೋರಿಸಲು ನಾವು ಮೈಸೂರಿಗೆ ಹೋಗಿದ್ದೆವು. ಸಂಜೆ ಬಸ್ಸಿಳಿದು ಮನೆಗೆ ಬಂದರೆ ಮುಂದಿನ ಕೋಣೆಯ ತುಂಬ ಸಿಮೆಂಟು ಚೀಲ. ಮೊಣಕಾಲೆತ್ತರ, ಗೋಡೆಯಿಂದ ಗೋಡೆಗೆ. ಒಬ್ಬರು ಓರೆಯಾಗಿ ನಡೆದುಹೋಗುವಷ್ಟು ದಾರಿ ಬಿಟ್ಟಿದ್ದರು, ಅಷ್ಟೆ. ಬೆಂಚು, ಬಾರು, ದೊಡ್ಡೆತ್ತು, ಅತ್ತೆ, ಎಲ್ಲವನ್ನೂ ಹಿತ್ತಲಲ್ಲಿ ಒಗೆಯುವ ಕಲ್ಲಿನ ಪಕ್ಕ ಗುಡ್ಡೆ ಹಾಕಿದ್ದರು. ದಾದಿಮಾ ಮೂಲೆಯಲ್ಲಿ ಜಪಮಣಿ ಹಿಡಿದು ಕೂತಿದ್ದಳು, ತಲೆ ಎತ್ತಲಿಲ್ಲ. ಅಬ್ಬಾ ಆ ಚೀಲಗಳ ಸಂದಿಯಲ್ಲಿ ಕೋಲೂರಿ ನಡೆದು ಬಂದು ಮಂಚ ಸೇರಿ ಗೋಡೆಯ ಕಡೆ ತಿರುಗಿದರು. ನಾನು ಅಳಲು ಶುರುಮಾಡಿದೆ. ಅಮ್ಮಿ ನನಗೆ ಒಂದೇ ಮಾತು ಹೇಳಿದಳು, "ಎಣಿಸು." ನಾನು ಕಣ್ಣೊರೆಸಿಕೊಂಡು ಎಣಿಸಿದೆ. ನಲವತ್ತೆರಡು.

ಬೆಳಿಗ್ಗೆ ಬಂದವರೆಲ್ಲ ಬೀದಿಯಲ್ಲೇ ನಿಂತರು. ಅಮ್ಮಿ ಹೊಸ್ತಿಲ ಮೇಲೆ ನಿಂತು ಅವರಿಗೆ ಹೇಳಿದ್ದನ್ನು ನಾನು ಪಕ್ಕದಲ್ಲೇ ನಿಂತು ಕೇಳಿದೆ.

"ಇದು ನನ್ನ ಮೈದುನನ ಮಾಲು. ಅವನ ಮನೆ ಹಿಂದಿನ ಗಲ್ಲಿಯಲ್ಲಿದೆ. ಅವನ ಮಾಲು ಅವನ ಮನೆ ಸೇರಬೇಕು. ಒಂದು ಚೀಲವೂ ಹರೀಬಾರದು, ಒಂದು ಹಿಡಿಯೂ ಚೆಲ್ಲಬಾರದು. ಯಾರೂ ಯಾರಿಗೂ ಬೈಬಾರದು. ಬೈದರೆ, ಹರಿದರೆ, ಸೋತವರು ನಾವು."

ಮೇಷ್ಟ್ರು ಕನ್ನಡಕ ತೆಗೆದು ಜೇಬಿಗೆ ಹಾಕಿದರು. "ಇವತ್ತಿನ ಪಾಠ ಇದೇ ಅನ್ನಿ" ಎಂದರು. ಸಿದ್ದರಾಜು ಹೆಗಲಿಗೆ ಟವಲು ಹಾಕಿಕೊಂಡು ಮೊದಲ ಚೀಲದ ಮುಂದೆ ಮಂಡಿ ಮಡಿಚಿದ. "ಬನ್ರಲಾ, ಓಗನ."

ಬೆಳಕು ಹರಿದು ಹಾಲಿನವರು, ಪೇಪರಿನವರು ಓಡಾಡುವ ಹೊತ್ತು. ನಮ್ಮ ಬಾಗಿಲಿನಿಂದ ಗಲ್ಲಿಯ ತುದಿ, ಅಲ್ಲಿ ಚಹಾದಂಗಡಿ ಬಳಸಿ ಬಲಕ್ಕೆ, ಚಾಚಾನ ಮನೆ. ಒಬ್ಬರ ಹಿಂದೆ ಒಬ್ಬರು ಹೆಗಲ ಮೇಲೆ ಚೀಲ ಹೊತ್ತು ಸಾಲು ಹೊರಟಿತು. ಉಸಿರಿನ ಸದ್ದು, ಕಾಲಿನ ಸದ್ದು, ಅಷ್ಟೆ. ಮೇಷ್ಟ್ರು ಒಂದು ಚೀಲ ಹೊತ್ತು ಮೂರು ಕಡೆ ಗೋಡೆಗೆ ಒರಗಿ ನಿಂತು, ಮತ್ತೆ ಹೊರಟು, ಮುಟ್ಟಿಸಿದರು. ಹಾಸ್ಟೆಲಿನಲ್ಲಿ ಬೆಳಗಿನ ಉಪ್ಪಿಟ್ಟು ಇಳಿಸಿ, ಸುದ್ದಿ ಕೇಳಿ ಬಂದಿದ್ದ ಮಹದೇವಮ್ಮ ಸೆರಗು ಸಿಕ್ಕಿಸಿ ಮೂರು ಚೀಲ ಹೊತ್ತಳು. ಚಹಾದಂಗಡಿಯ ಮುಂದೆ ಯಾರೋ "ಏನಮ್ಮೋ, ಗಂಡಸ್ರ ಕೆಲ್ಸಕ್ಕೆ ಇಳ್ದ್‌ಬುಟ್ಟೆ" ಎಂದದ್ದಕ್ಕೆ, ಬೈಯಬಾರದೆಂಬ ಮಾತು ನೆನಪಿಟ್ಟುಕೊಂಡು, ನಕ್ಕು, "ನೀನೂ ಒಂದ್ ಹೊತ್ಕ ಬಾಪ್ಪ, ಆಮ್ಯಾಕೆ ಮಾತಾಡನ" ಎಂದಳು. ಅವನು ಲೋಟದೊಳಗೆ ಮುಖ ಇಟ್ಟ.

ನಾನೂ ಹೊರುತ್ತೇನೆ ಎಂದು ಹಟ ಹಿಡಿದೆ. ಅಮ್ಮಿ ಬುರ್ಖಾ ಹಾಕಿಕೊಂಡು ಬಂದು, ಚೀಲದ ಅಡಿಗೆ ದಪ್ಪ ಗೋಣಿಪಟ್ಟೆ ತೂರಿಸಿ, ಒಂದು ತುದಿ ನನಗೆ ಕೊಟ್ಟು ಒಂದು ತುದಿ ತಾನು ಹಿಡಿದಳು. ನಾಲ್ಕು ಕಡೆ ಇಳಿಸಿದೆವು. ನಾಲ್ಕನೆಯದು ಚಹಾದಂಗಡಿಯ ಎದುರಿಗೇ. ಅಲ್ಲಿ ನಮ್ಮ ಸಂಬಂಧಿಕರಿದ್ದರು, ನನ್ನ ಶಾಲೆಯ ಜವಾನನಿದ್ದ, ಬುದ್ಧಿ ಹೇಳಿ ಹೋಗಿದ್ದ ಇಬ್ಬರು ಹಿರಿಯರಲ್ಲಿ ಒಬ್ಬರಿದ್ದರು.

"ಎಲ್ಲ ನೋಡ್ತಿದ್ದಾರೆ, ಅಮ್ಮಿ."

"ನೋಡಲಿ. ಅದಕ್ಕೇ ಈ ದಾರಿಯಲ್ಲಿ ಬಂದಿರೋದು. ಉಸಿರು ತಗೋ. ಎತ್ತು."

ಎತ್ತಿದೆ. ಆಮೇಲೆ ನನ್ನ ಬದುಕಿನಲ್ಲಿ ಎತ್ತಿದ್ದು ಬಹಳ ಇದೆ. ಚಾಮರಾಜನಗರದ ಮೈದಾನದಲ್ಲಿ ಎತ್ತಿದ್ದೇನೆ, ಅಲ್ಲಿನ ಶಾಲೆಯಲ್ಲಿ ವ್ಯಾಯಾಮದ ಮೇಡಂ ಆಗಿ ಇಪ್ಪತ್ತು ವರ್ಷದಿಂದ ಹುಡುಗಿಯರ ಕೈಯಲ್ಲಿ ಎತ್ತಿಸುತ್ತಿದ್ದೇನೆ. ಯಾವುದೂ ಆ ಅರ್ಧ ಚೀಲದಷ್ಟು ಭಾರವಿರಲಿಲ್ಲ. ಚಾಚಾನ ಮನೆಯ ಬಾಗಿಲಲ್ಲಿ ಚಾಚಿ ನಿಂತಿದ್ದಳು. ಚಾಚಾ ಬೆಳಗಿನ ಲೋಡಿಗೆ ಅಂಗಡಿಗೆ ಹೋಗಿದ್ದರು. ಮನೆಯ ನಡುಮನೆ ಅರ್ಧ ತುಂಬಿಹೋಗಿತ್ತು. ಚಾಚಿ ಬೇಡ ಎನ್ನಲಿಲ್ಲ. ಮಕ್ಕಳನ್ನು ಪಕ್ಕಕ್ಕೆ ಸರಿಸಿ, ಕುರ್ಚಿ ಎತ್ತಿಟ್ಟು, "ಗೋಡೆಗೆ ತಾಗಿಸಬೇಡಿ, ತೇವ ಇದೆ" ಎಂದು ಮೆಲ್ಲಗೆ ಹೇಳಿ ಜಾಗ ತೋರಿಸುತ್ತಿದ್ದಳು.

ನಾವು ಬರಿಗೈಯಲ್ಲಿ ಮನೆಗೆ ಹಿಂದಿರುಗಿದಾಗ ಬಾಗಿಲಲ್ಲೇ ಅಮ್ಮಿ ನಿಂತುಬಿಟ್ಟಳು. ಒಳಗಿನಿಂದ ಎಣಿಕೆ ಕೇಳಿಸುತ್ತಿತ್ತು. ಎಂಟು ತಿಂಗಳಿಂದ ಬಳಸದೆ ಒರಟಾಗಿದ್ದ ದನಿ.

"ಇಪ್ಪತ್ತೊಂಬತ್ತು. ಸಿದ್ದರಾಜು, ಸೊಂಟ ಬಗ್ಗಿಸ್ತಿದ್ದೀಯ. ಮಂಡಿ. ಮಂಡಿ ಬಗ್ಗಿಸು. ಹಾಂ, ಮೂವತ್ತು."

ಖಾಲಿಯಾದ ಅರ್ಧ ಕೋಣೆಯಲ್ಲಿ ಅಬ್ಬಾ ನೆಲದ ಮೇಲೆ ಕಾಲು ಚಾಚಿ ಕೂತಿದ್ದರು. ಯಾರೂ ಕರೆತಂದಿರಲಿಲ್ಲ. ಮಂಚದಿಂದ ಇಳಿದು, ಕೋಲಿಗೂ ಕಾಯದೆ, ಕೈಯೂರಿ ತೆವಳಿಕೊಂಡು ಬಂದಿದ್ದರು, ಅಂಗಿಯೆಲ್ಲ ಸಿಮೆಂಟಿನ ಧೂಳು. ಸಿದ್ದರಾಜು ಮೂವತ್ತನೆಯ ಚೀಲ ಹೆಗಲ ಮೇಲಿಟ್ಟುಕೊಂಡು, ಅಳುತ್ತ, ಆದರೆ ಮಂಡಿ ಸರಿಯಾಗಿ ಮಡಿಚಿ, ಎದ್ದ. ನಡುವಿನ ಕೋಣೆಯ ಬಾಗಿಲ ಚೌಕಟ್ಟು ಹಿಡಿದು ದಾದಿಮಾ ನಿಂತಿದ್ದಳು. ಮಗನ ಬೆನ್ನು ನೋಡಿ ನೋಡಿ ಸಾಕಾಗಿದ್ದವಳು ಈಗ ಅವನ ಮುಖ ನೋಡುತ್ತಿದ್ದಳು.

ಸಂಜೆ ಚಾಚಾ ಇಬ್ಬರು ದೊಡ್ಡವರನ್ನು ಕರೆದುಕೊಂಡು ಬಂದರು. ಮಾನ ಹೋಯಿತು ಎಂದರು. ಬೀದಿಯಲ್ಲಿ ನನ್ನ ಹೆಸರು ಹರಾಜು ಹಾಕಿದಿರಿ ಎಂದರು. ಆ ಮಾತಿನಲ್ಲಿ ಸುಳ್ಳೇನೂ ಇರಲಿಲ್ಲ. ಕೊನೆಗೆ ದಾದಿಮಾಳ ಕಡೆ ತಿರುಗಿ, ಮನೆ ನಿನ್ನದು, ನೀನೇ ಹೇಳು, ಈ ಕೋಣೆಯಲ್ಲಿ ನನ್ನ ಮಾಲಿರಬೇಕೋ ಇವರ ಗುಜರಿಯೋ ಎಂದರು. ದಾದಿಮಾ ಅಬ್ಬಾನ ಅಂಗಿಯ ಮೇಲಿನ ಧೂಳನ್ನು ಸೆರಗಿನಿಂದ ಕೊಡವುತ್ತ ಹೇಳಿದಳು:

"ಇವತ್ತು ನನ್ನ ಮಗ ಮಾತಾಡಿದ. ನೀನೂ ನನ್ನ ಮಗನೇ. ಆದರೆ ಅವನು ಮಾತಾಡಿದ್ದು ಈ ಕೋಣೆಯಲ್ಲಿ."

ಚಾಚಾ ಎದ್ದು ಹೋದರು. ಆರು ವರ್ಷ ನಮ್ಮ ಹೊಸ್ತಿಲು ತುಳಿಯಲಿಲ್ಲ. ಈದ್ ದಿನ ಅವರ ಮಕ್ಕಳು ಹೊಸ ಬಟ್ಟೆ ಹಾಕಿ ನಮ್ಮ ಬಾಗಿಲ ಮುಂದೆಯೇ ತಲೆ ತಗ್ಗಿಸಿ ಹಾದುಹೋಗುತ್ತಿದ್ದರು. ನನ್ನ ಜೊತೆ ಆಡಿ ಬೆಳೆದ ಅವರ ಮಗಳು ಶಾಲೆಯಲ್ಲಿ ನನ್ನ ಬೆಂಚು ಬಿಟ್ಟು ಬೇರೆ ಬೆಂಚಿಗೆ ಹೋದಳು. ದಾದಿಮಾ ಸೇಮಿಗೆ ಪಾಯಸದ ಎರಡು ಬಟ್ಟಲು ತೆಗೆದಿಟ್ಟು, ಸಂಜೆಯವರೆಗೆ ಕಾದು, ಮುಚ್ಚಿಡುತ್ತಿದ್ದಳು. ಆ ಬಟ್ಟಲು ನೋಡಿದಾಗೆಲ್ಲ ನಾವು ಬೇರೆ ಥರ ಮಾಡಬಹುದಿತ್ತೇ ಎಂದು ನನಗೆ ಅನ್ನಿಸಿದ್ದುಂಟು. ಅಮ್ಮಿಗೆ ಅನ್ನಿಸಿತ್ತೋ ಏನೋ, ಅವಳು ಹೇಳಲಿಲ್ಲ. ಅಬ್ಬಾನ ಕಾಲು ಸರಿಹೋಗಲಿಲ್ಲ. ಈ ಕಥೆ ಕೇಳಿದವರು ಕೊನೆಗೆ ಅವರು ಎದ್ದು ದೊಡ್ಡೆತ್ತು ಎತ್ತಿದರು ಎಂದೇ ಕಾಯುತ್ತಾರೆ. ಎತ್ತಲಿಲ್ಲ. ಸ್ಟೂಲಿನ ಮೇಲೆ ಕೂತು ವೆಲ್ಡಿಂಗ್ ಮಾಡಿದರು, ಬೆಳಿ‌ಗ್ಗೆ ಗಂಡಸರಿಗೆ ಅವರು ಹೇಳಿಕೊಟ್ಟರು, ಮಧ್ಯಾಹ್ನ ಹೆಂಗಸರಿಗೆ ಅಮ್ಮಿ. ಪರದೆ ಟ್ರಂಕಿನ ಮೇಲಿಂದ ಎಲ್ಲಿ ಹೋಯಿತೋ ಯಾರೂ ಹುಡುಕಲಿಲ್ಲ.

ಆರನೆಯ ವರ್ಷ ಒಂದು ಮಧ್ಯಾಹ್ನ, ಕಾಲೇಜಿಗೆ ರಜೆಯಿದ್ದು ನಾನು ಮನೆಯಲ್ಲಿದ್ದೆ. ಮಹದೇವಮ್ಮ ಬಾರಿನ ಕೆಳಗಿದ್ದಳು, ಅಮ್ಮಿ ಅವಳ ತಲೆಯ ಬಳಿ ನಿಂತು ಎಣಿಸುತ್ತಿದ್ದಳು. ಓರೆ ಮಾಡಿದ್ದ ಬಾಗಿಲನ್ನು ಯಾರೋ ಒಂದೇ ಬೆರಳಲ್ಲಿ ಎಂಬಂತೆ ತಳ್ಳಿದರು. ಚಾಚಿ. ಬುರ್ಖಾದಲ್ಲಿ, ಒಂದು ಕೈ ಸೊಂಟದ ಮೇಲೆ. ಗಲ್ಲಿಯ ಆ ಕಡೆ ಈ ಕಡೆ ನೋಡಿ, ಹೊಸ್ತಿಲ ಹೊರಗೇ ನಿಂತಳು. ಅಮ್ಮಿ ಎಣಿಕೆ ನಿಲ್ಲಿಸಲಿಲ್ಲ. ಹತ್ತು ಮುಗಿಸಿ, ಬಾರನ್ನು ಗೂಟಕ್ಕೆ ಕೂರಿಸಿ, ಆಮೇಲೆ ತಿರುಗಿದಳು.

"ಎಷ್ಟು ದಿನದಿಂದ?"

"ಕೊನೆಯ ಹೆರಿಗೆ ಆದಾಗಿನಿಂದ. ಕೂತರೆ ಏಳೋಕಾಗಲ್ಲ."

"ಮನೆಯಲ್ಲಿ ಕೇಳಿ ಬಂದೆಯಾ?"

ಚಾಚಿ ಮುಖದ ಮೇಲಿನ ಬಟ್ಟೆಯನ್ನು ಹಿಂದಕ್ಕೆ ಹಾಕಿದಳು.

"ಕೇಳಿಲ್ಲ. ಕೇಳೋದೂ ಇಲ್ಲ."

"ಹಾಗಾದರೆ ಚಪ್ಪಲಿ ಬಿಟ್ಟು ಒಳಗೆ ಬಾ" ಎಂದಳು ಅಮ್ಮಿ.